ಜೀವಮಾನದ ಓದನ್ನು ಬರೆದಿಡುವ ಕ್ರಮ

ಬಾಲ್ಯದಿಂದಲೂ ಓದುತ್ತ ಬಂದವರಿಗೆ ಒಂದಲ್ಲ ಒಂದು ಹಂತದಲ್ಲಿ ತಮ್ಮ ಓದಿನ ಬಗ್ಗೆಯೇ ಬರೆಯಬೇಕೆಂಬ ಆಸೆ ಹುಟ್ಟುತ್ತದೆ. ಬರೆಯಲು ಕುಳಿತಾಗ ಹೆಚ್ಚಿನವರು ಹಿಡಿಯುವ ದಾರಿಗಳು ಎರಡು. ಒಂದು, ಓದಿದ ಪುಸ್ತಕದ ಕಥಾಸಾರವನ್ನು ಹೇಳಿ ಕೊನೆಯಲ್ಲಿ ಎರಡು ಮೆಚ್ಚುಗೆಯ ಮಾತು ಸೇರಿಸುವುದು. ಇನ್ನೊಂದು, ಪುಸ್ತಕಗಳು ತಮ್ಮ ಬದುಕನ್ನು ಬೆಳಗಿಸಿದವು ಎಂದು ಸಾರಾಸಗಟಾಗಿ ಹೊಗಳುವುದು. ಸಾರಾಂಶವನ್ನು ಆ ಪುಸ್ತಕ ಓದಿದ ಯಾರು ಬೇಕಾದರೂ ಬರೆಯಬಲ್ಲರು, ಹೊಗಳಿಕೆಯನ್ನು ಪುಸ್ತಕ ಓದದವರೂ ಬರೆಯಬಲ್ಲರು. ಇಂಥ ವಯಸ್ಸಿನಲ್ಲಿ, ಇಂಥ ಮನಸ್ಥಿತಿಯಲ್ಲಿ, ಈ ಪುಸ್ತಕವನ್ನು ಹಿಡಿದು ಕುಳಿತ ಈ ಒಬ್ಬ ಓದುಗನಲ್ಲಿ ಏನು ನಡೆಯಿತು ಎಂಬುದನ್ನು ಮಾತ್ರ ಬೇರೆ ಯಾರೂ ಬರೆಯಲಾರರು. ಬರೆದಿಡಲು ಯೋಗ್ಯವಾದದ್ದು ಅದೇ ಎಂಬುದು ನನ್ನ ದೃಢವಾದ ನಂಬಿಕೆ. ಮುಂದೆ ಹೇಳುವ ಕ್ರಮವೆಲ್ಲ ಆ ಒಂದು ಉದ್ದೇಶಕ್ಕಾಗಿಯೇ ಇದೆ.

ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಈಗಾಗಲೇ ಓದಿ ಮುಗಿಸಿದ ಪುಸ್ತಕಗಳನ್ನು ನೆನಪಿನಿಂದ ಹೊರತೆಗೆಯುವುದು ಒಂದಾದರೆ, ಇನ್ನು ಮುಂದೆ ಓದುವುದನ್ನು ಓದುತ್ತಿರುವಾಗಲೇ ದಾಖಲಿಸುವುದು ಇನ್ನೊಂದು. ಇವೆರಡಕ್ಕೂ ಪ್ರತ್ಯೇಕ ನೋಟುಪುಸ್ತಕಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ನೆನಪಿನ ಸಾಕ್ಷ್ಯಕ್ಕೂ ಕಣ್ಣೆದುರಿನ ಸಾಕ್ಷ್ಯಕ್ಕೂ ಇರುವ ತೂಕ ಒಂದೇ ಅಲ್ಲ.

ನೆನಪಿನ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳಿ. ‘ನನ್ನ ಮೇಲೆ ಪ್ರಭಾವ ಬೀರಿದ ಪುಸ್ತಕಗಳು’ ಎಂಬ ಶೀರ್ಷಿಕೆ ಕೊಟ್ಟುಕೊಂಡು ಪಟ್ಟಿ ಮಾಡಲು ಹೊರಟರೆ ಹೇಳಿಕೊಳ್ಳಲು ಗೌರವವೆನಿಸುವ ಹೆಸರುಗಳು ಮಾತ್ರ ಬರುತ್ತವೆ. ಬಾಲ್ಯದಲ್ಲಿ ಆಸೆಪಟ್ಟು ಓದಿದ ಪತ್ತೇದಾರಿ ಕಥೆಗಳು, ಚಿತ್ರಕಥೆಗಳು, ಹಳೆಯ ವಾರಪತ್ರಿಕೆಗಳ ಧಾರಾವಾಹಿಗಳು ಹೊರಗೇ ಉಳಿಯುತ್ತವೆ. ಆದ್ದರಿಂದ ಪಟ್ಟಿಯನ್ನು ಮಹತ್ವಕ್ಕೆ ತಕ್ಕಂತೆ ಮಾಡದೆ, ಬದುಕಿನ ಕಾಲಘಟ್ಟಗಳಿಗೆ ತಕ್ಕಂತೆ ಮಾಡಬೇಕು. ಅಕ್ಷರ ಕಲಿಯುವ ಮೊದಲು ಯಾರೋ ಓದಿ ಹೇಳಿದ್ದು, ತಾನಾಗಿಯೇ ಕೊನೆಯವರೆಗೆ ಓದಿದ ಮೊದಲ ಪುಸ್ತಕ, ದೊಡ್ಡವರ ಕಣ್ಣು ತಪ್ಪಿಸಿ ಓದಿದ್ದು, ಪರೀಕ್ಷೆಗಾಗಿ ಓದಿದ್ದು, ಕಾಯಿಲೆ ಬಿದ್ದಾಗ ಓದಿದ್ದು, ಕೆಲಸಕ್ಕೆ ಸೇರಿದ ಮೇಲೆ ಓದಿದ್ದು, ಓದು ಪೂರ್ತಿ ನಿಂತುಹೋಗಿದ್ದ ವರ್ಷಗಳು: ಇವನ್ನೇ ತಲೆಬರಹಗಳನ್ನಾಗಿ ಬರೆದು, ಪ್ರತಿಯೊಂದರ ಕೆಳಗೆ ಧಾರಾಳವಾಗಿ ಖಾಲಿ ಜಾಗ ಬಿಡಿ. ಓದು ನಿಂತುಹೋದ ವರ್ಷಗಳನ್ನು ದಾಟಿ ಮುಂದೆ ಹೋಗಬೇಡಿ. ಓದು ಏಕೆ ನಿಂತಿತು, ಯಾವ ಪುಸ್ತಕದಿಂದ ಮತ್ತೆ ಆರಂಭವಾಯಿತು ಎಂಬುದು ಓದಿನ ಚರಿತ್ರೆಯಲ್ಲಿ ಬಹುಮುಖ್ಯವಾದ ಭಾಗ.

ಪುಸ್ತಕದ ಹೆಸರು ನೆನಪಾಗದಿದ್ದರೆ ಅದರ ಸುತ್ತಲಿನದನ್ನು ಬರೆಯಿರಿ. ರಕ್ಷಾಪುಟದ ಬಣ್ಣ, ಹರಿದುಹೋಗಿದ್ದ ಕೊನೆಯ ಪುಟಗಳು, ಅದನ್ನು ಕೊಟ್ಟವರು, ಓದುತ್ತ ಕುಳಿತ ಜಾಗಕ್ಕೆ ಬೆಳಕು ಬೀಳುತ್ತಿದ್ದ ದಿಕ್ಕು, ಗಟ್ಟಿಯಾಗಿ ಓದಿದಿರೋ ಮನಸ್ಸಿನಲ್ಲೇ ಓದಿದಿರೋ ಎಂಬುದು ಇವೆಲ್ಲ ಒಂದನ್ನೊಂದು ಎಳೆದು ತರುತ್ತವೆ. ಗೊತ್ತಿಲ್ಲದ ಕಡೆ ಊಹಿಸಿ ತುಂಬದೆ ಖಾಲಿ ಬಿಡಿ. ಈ ಪಟ್ಟಿಯನ್ನು ಒಂದೇ ಬಾರಿಗೆ ಕುಳಿತು ಮುಗಿಸಲು ಆಗುವುದಿಲ್ಲ; ಕೆಲವು ವಾರಗಳ ಕಾಲ ಅದು ಕೈಗೆಟುಕುವಂತೆ ಇದ್ದರೆ, ಬೇರೆ ಏನನ್ನೋ ಮಾಡುತ್ತಿರುವಾಗ ಹೊಳೆದದ್ದೆಲ್ಲ ಅದರೊಳಗೆ ಬಂದು ಸೇರುತ್ತದೆ.

ಹೀಗೆ ಬರೆಯುತ್ತ ಹೋದಂತೆ ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ಪುಟಗಳು ತುಂಬಿಹೋಗಿ, ಅನಂತರದ ದಶಕಗಳ ಪುಟಗಳು ತೆಳುವಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ನಡುವಯಸ್ಸು ದಾಟಿದವರ ನೆನಪುಗಳು ಆ ವಯಸ್ಸಿನ ಸುತ್ತಲೇ ದಟ್ಟವಾಗಿರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಗುರುತಿಸಿದ್ದಾರೆ. ನಂತರದ ವರ್ಷಗಳಿಗೆ ನೆನಪನ್ನು ನಂಬುವ ಬದಲು ವಸ್ತುಗಳನ್ನು ಕೇಳಬೇಕು: ಪುಸ್ತಕದ ಮೊದಲ ಹಾಳೆಯಲ್ಲಿ ಹೆಸರಿನ ಜೊತೆ ಬರೆದ ತಾರೀಖು, ಪುಟಗಳ ನಡುವೆ ಗುರುತಿಗಾಗಿ ಇಟ್ಟು ಮರೆತ ರಸೀದಿ, ಗ್ರಂಥಾಲಯದ ಮುದ್ರೆ, ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಬಂದುಹೋದ ಪುಸ್ತಕದ ಮಾತು. ಕಪಾಟಿನ ಒಂದೊಂದೇ ಪುಸ್ತಕವನ್ನು ಕೈಗೆತ್ತಿಕೊಂಡು ನೋಡುವುದಕ್ಕೆ ಒಂದಿಡೀ ದಿನ ಮೀಸಲಿಟ್ಟರೂ ವ್ಯರ್ಥವಾಗುವುದಿಲ್ಲ.

ಆದರೆ ಪುಸ್ತಕವನ್ನು ತೆರೆಯುವುದಕ್ಕೆ ಮೊದಲು ಪಾಲಿಸಲೇಬೇಕಾದ ಒಂದು ನಿಯಮವಿದೆ. ಅದರ ಬಗ್ಗೆ ನಿಮಗೆ ಏನೇನು ನೆನಪಿದೆಯೋ ಅದನ್ನೆಲ್ಲ ಮೊದಲು ಬರೆದು ಮುಗಿಸಿ, ಆಮೇಲೆ ತೆರೆಯಿರಿ. ಒಮ್ಮೆ ಪುಟ ತಿರುವಿದ ಮೇಲೆ ಹಳೆಯ ನೆನಪಿನ ಮೇಲೆ ಹೊಸ ಓದು ಕುಳಿತುಬಿಡುತ್ತದೆ, ಮತ್ತು ಇಷ್ಟು ವರ್ಷ ನಿಮ್ಮೊಳಗಿದ್ದ ಪುಸ್ತಕ ಹೇಗಿತ್ತೆಂದು ತಿಳಿಯುವ ಅವಕಾಶ ತಪ್ಪಿಹೋಗುತ್ತದೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಂಗ್ಲೆಂಡಿನ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಕೊಟ್ಟು, ಸ್ವಲ್ಪ ಹೊತ್ತಿನ ಮೇಲೂ, ದಿನಗಳು, ತಿಂಗಳುಗಳು ಕಳೆದ ಮೇಲೂ ಅದನ್ನು ನೆನಪಿನಿಂದ ಬರೆಯಿಸಿದರು. ಓದುಗರು ಕಥೆಯನ್ನು ಮರೆತದ್ದಷ್ಟೇ ಅಲ್ಲ, ತಮಗೆ ಪರಿಚಿತವಾದ ಲೋಕಕ್ಕೆ ಹೊಂದುವಂತೆ ಅದನ್ನು ತಿದ್ದಿಕೊಂಡಿದ್ದರು. ಮೂಲದಲ್ಲಿದ್ದ ಸೀಲ್ ಬೇಟೆ ಅವರ ಬರಹದಲ್ಲಿ ಮೀನು ಹಿಡಿಯುವುದಾಗಿತ್ತು, ಅಲ್ಲಿನ ವಿಶಿಷ್ಟ ತೋಡುದೋಣಿ ಸಾಧಾರಣ ದೋಣಿಯಾಗಿತ್ತು. ನಮ್ಮೆಲ್ಲರ ಮನಸ್ಸೂ ಓದಿದ ಪುಸ್ತಕಗಳಿಗೆ ಮಾಡುವುದು ಇದನ್ನೇ.

ಓದಿನ ಬಗ್ಗೆ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಒಬ್ಬ ಓದುಗಿಗೆ ಎಳೆಯ ವಯಸ್ಸಿನಲ್ಲಿ ಓದಿದ ಕಾದಂಬರಿಯ ಕೊನೆಯಲ್ಲಿ ನಾಯಕಿ ಸುರಿವ ಮಳೆಯಲ್ಲಿ ಮನೆ ಬಿಟ್ಟು ಹೊರಡುವ ಚಿತ್ರ ಸ್ಪಷ್ಟವಾಗಿ ನೆನಪಿದೆಯೆಂದು ಇಟ್ಟುಕೊಳ್ಳೋಣ. ಮತ್ತೆ ಓದಿದಾಗ ಅಲ್ಲಿ ಮಳೆಯೇ ಇಲ್ಲ, ಹೊರಟದ್ದು ಕೂಡ ಅರ್ಧ ವಾಕ್ಯದಲ್ಲಿ ಮುಗಿದಿದೆ. ಆ ಮಳೆ ಎಲ್ಲಿಂದ ಬಂತು? ಬೇರೊಂದು ಪುಸ್ತಕದಿಂದಲೋ, ಚಲನಚಿತ್ರದಿಂದಲೋ, ಅವಳದೇ ಬದುಕಿನ ಒಂದು ದಿನದಿಂದಲೋ? ಲೇಖಕರು ಅರ್ಧ ವಾಕ್ಯದಲ್ಲಿ ದಾಟಿದ್ದನ್ನು ಅವಳು ಏಕೆ ಒಂದು ಇಡೀ ದೃಶ್ಯವಾಗಿ ಬೆಳೆಸಿಕೊಂಡಳು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಅವಳ ಬರಹ ತಾನಾಗಿ ಸಿದ್ಧವಾಗುತ್ತದೆ. ಆದ್ದರಿಂದ ನೆನಪಿನ ಬರಹವನ್ನು ಒಂದು ಬಣ್ಣದಲ್ಲಿ, ಪುಸ್ತಕದೊಂದಿಗೆ ಹೋಲಿಸಿ ನೋಡಿದ ಮೇಲಿನ ಟಿಪ್ಪಣಿಯನ್ನು ಇನ್ನೊಂದು ಬಣ್ಣದಲ್ಲಿ ಬರೆಯಿರಿ. ಮೊದಲಿನದನ್ನು ಯಾವ ಕಾರಣಕ್ಕೂ ಹೊಡೆದುಹಾಕಬೇಡಿ. ಹೋಲಿಸುವಾಗ ನೀವು ಅಂದು ಓದಿದ ಪ್ರತಿ ಯಾವುದಾಗಿತ್ತು ಎಂಬುದನ್ನೂ ವಿಚಾರಿಸಬೇಕು. ಮಕ್ಕಳಿಗಾಗಿ ಸಂಕ್ಷೇಪಿಸಿದ ಆವೃತ್ತಿ, ಪಠ್ಯಪುಸ್ತಕಕ್ಕಾಗಿ ಆಯ್ದ ಭಾಗ, ಬೇರೊಬ್ಬರ ಅನುವಾದ ಇವುಗಳಲ್ಲಿ ಯಾವುದನ್ನಾದರೂ ಓದಿದ್ದರೆ ವ್ಯತ್ಯಾಸಕ್ಕೆ ಮನಸ್ಸು ಕಾರಣವಾಗಿರದೆ ಪ್ರತಿಯೇ ಕಾರಣವಾಗಿರಬಹುದು.

ಇನ್ನು ಈಗಿನ ಓದಿನ ನೋಟುಪುಸ್ತಕ. ಪ್ರತಿ ಪುಸ್ತಕಕ್ಕೂ ಹೊಸ ಪುಟದಲ್ಲಿ ಲೇಖಕರು, ಶೀರ್ಷಿಕೆ, ಅನುವಾದವಾಗಿದ್ದರೆ ಅನುವಾದಕರು, ಪ್ರಕಾಶಕರು, ಮುದ್ರಣದ ವರ್ಷ, ಓದು ಆರಂಭಿಸಿದ ಮತ್ತು ಮುಗಿಸಿದ ದಿನಾಂಕಗಳನ್ನು ಬರೆಯಿರಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಈ ವಿವರಗಳು ಇರುತ್ತವೆ. ಮರುಮುದ್ರಣ ಎಂದರೆ ಸಾಮಾನ್ಯವಾಗಿ ಅದೇ ಪಠ್ಯ. ಪರಿಷ್ಕೃತ ಆವೃತ್ತಿ ಎಂದಿದ್ದರೆ ಪಠ್ಯವೇ ಬದಲಾಗಿರುತ್ತದೆ, ಹಾಗಾಗಿ ಅದನ್ನು ತಪ್ಪದೆ ಗುರುತಿಸಿಕೊಳ್ಳಬೇಕು. ಪುಸ್ತಕದ ಗುರುತಿಗಾಗಿ ಕೊಡುವ ಐಎಸ್‌ಬಿಎನ್ ಸಂಖ್ಯೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅದು ಅಂತರರಾಷ್ಟ್ರೀಯ ಮಾನದಂಡವಾದದ್ದು 1970ರಲ್ಲಿ. 2007ರಲ್ಲಿ ಹತ್ತು ಅಂಕಿಗಳಿಂದ ಹದಿಮೂರು ಅಂಕಿಗಳಿಗೆ ಬದಲಾಯಿತು. 1970ಕ್ಕೂ ಹಿಂದಿನ ಪುಸ್ತಕಗಳಿಗೆ ಪ್ರಕಾಶಕರ ಹೆಸರು ಮತ್ತು ವರ್ಷವೇ ಗುರುತು.

ಓದುವಾಗ ಕೈಯಲ್ಲಿ ಪೆನ್ಸಿಲ್ ಇದ್ದರೆ ಸಾಕು. ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಒಂದು ಸಣ್ಣ ಗೆರೆ, ಎರವಲು ತಂದದ್ದಾದರೆ ಒಂದು ಚೀಟಿಯ ಮೇಲೆ ಪುಟಸಂಖ್ಯೆ, ಅದಕ್ಕಿಂತ ಹೆಚ್ಚಿನದೇನೂ ಆ ಹೊತ್ತಿನಲ್ಲಿ ಬೇಡ. ಸಾಲು ಸಾಲಿಗೂ ನಿಂತು ಬರೆಯುವವರು ಓದಿನ ಓಟವನ್ನು ಕಳೆದುಕೊಳ್ಳುತ್ತಾರೆ, ಓಟವಿಲ್ಲದೆ ಕಾದಂಬರಿಯಂಥ ಪ್ರಕಾರಗಳು ತಮ್ಮ ಕೆಲಸವನ್ನೇ ಮಾಡಲಾರವು. ಇ-ಪುಸ್ತಕಗಳಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಪುಟದ ಲೆಕ್ಕವೂ ಬದಲಾಗಬಹುದಾದ್ದರಿಂದ, ಅಧ್ಯಾಯದ ಸಂಖ್ಯೆಯನ್ನೂ ಆ ಪ್ಯಾರಾದ ಮೊದಲ ಮೂರು ನಾಲ್ಕು ಪದಗಳನ್ನೂ ಗುರುತಿಸಿಕೊಳ್ಳುವುದು ಸುರಕ್ಷಿತ.

ನಿಜವಾದ ಟಿಪ್ಪಣಿ ಬರೆಯಬೇಕಾದದ್ದು ಪುಸ್ತಕವನ್ನು ಮುಚ್ಚಿದ ಮೇಲೆ, ಸಾಧ್ಯವಾದರೆ ಅದೇ ದಿನ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತಮ್ಮದೇ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ ಅತಿ ವೇಗವಾಗಿದ್ದು ಆಮೇಲೆ ನಿಧಾನವಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅರ್ಥವಿರುವ ಬರಹ ಅಷ್ಟು ಬೇಗ ಅಳಿಯುವುದಿಲ್ಲವಾದರೂ, ಓದುವಾಗ ಮನಸ್ಸಿನಲ್ಲಿ ಹಾದುಹೋದ ಪ್ರತಿಕ್ರಿಯೆಗಳು ಕಥೆಗಿಂತ ಮೊದಲೇ ಕರಗಿಹೋಗಬಹುದು. ಪುಸ್ತಕವನ್ನು ಮುಚ್ಚಿಯೇ ಬರೆಯಬೇಕೆನ್ನುವುದಕ್ಕೂ ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗದ್ಯಭಾಗವನ್ನು ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು; ಐದೇ ನಿಮಿಷದ ನಂತರ ಪರೀಕ್ಷಿಸಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ಸಾಲುಗಳಿಗೆ ಬಣ್ಣ ಬಳಿದುಕೊಂಡು ಹೋಗುವುದರಿಂದ ಸಿಗುವ ತೃಪ್ತಿ ಇಂಥ ಐದು ನಿಮಿಷದ್ದೆಂದು ನನಗೆ ತೋರುತ್ತದೆ.

ಟಿಪ್ಪಣಿಯಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು: ಓದಿನ ವೇಗ ಎಲ್ಲಿ ಬದಲಾಯಿತು ಎಂಬುದರಿಂದ ಆರಂಭಿಸಿ. ಯಾವ ಪುಟದಲ್ಲಿ ನಿಂತು ಹಿಂದಕ್ಕೆ ಹೋಗಿ ಮತ್ತೆ ಓದಿದಿರಿ, ಯಾವ ವರ್ಣನೆಯನ್ನು ಕಣ್ಣಾಡಿಸಿ ದಾಟಿದಿರಿ, ಎಲ್ಲಿ ಪುಸ್ತಕವನ್ನು ಕೆಳಗಿಟ್ಟು ಎದ್ದುಹೋದಿರಿ, ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಯಾವ ವಾದಕ್ಕೆ ಮನಸ್ಸು ಒಪ್ಪಲಿಲ್ಲ ಎಂಬುದನ್ನೆಲ್ಲ ಪುಟಸಂಖ್ಯೆಯ ಸಮೇತ ಬರೆಯಿರಿ. ಇಷ್ಟವಾಯಿತು ಎಂಬ ಮಾತಿಗಿಂತ ‘ಎಂಬತ್ತನೆಯ ಪುಟದಿಂದ ನೂರರವರೆಗೆ ಎದ್ದೇಳಲಾಗಲಿಲ್ಲ’ ಎಂಬ ಮಾತು ಮುಂದೆ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆ ಇಪ್ಪತ್ತು ಪುಟಗಳಲ್ಲಿ ಲೇಖಕರು ಏನು ಮಾಡಿದರೆಂದು ಹೋಗಿ ನೋಡಬಹುದು. ಪೂರ್ತಿ ಓದಲಾಗದೆ ಬಿಟ್ಟ ಪುಸ್ತಕಗಳಿಗೂ ಒಂದು ಪುಟ ಇರಲಿ. ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಒಂದೆರಡು ವಾಕ್ಯ ಸಾಕು. ಅವುಗಳಲ್ಲಿ ಕೆಲವನ್ನು ಹಲವು ವರ್ಷಗಳ ನಂತರ ಕೆಳಗಿಡದೆ ಓದುತ್ತೀರಿ, ಆಗ ಆ ಎರಡು ವಾಕ್ಯಗಳಿಗೆ ಬೆಲೆ ಬರುತ್ತದೆ.

ಬರೆಯುವಾಗ ಮೂರು ಬಗೆಯ ಮಾತುಗಳನ್ನು ಕಲೆಸದಂತೆ ಎಚ್ಚರವಹಿಸಬೇಕು: ಪುಸ್ತಕದಿಂದ ಅಕ್ಷರಶಃ ಇಳಿಸಿಕೊಂಡ ಸಾಲು, ಪುಸ್ತಕದ ವಿಚಾರವನ್ನು ನಿಮ್ಮ ಮಾತಿನಲ್ಲಿ ಹೇಳಿದ್ದು, ನಿಮ್ಮದೇ ಆದ ಯೋಚನೆ. ಮೊದಲನೆಯದಕ್ಕೆ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ, ಎರಡನೆಯದಕ್ಕೆ ಪುಟಸಂಖ್ಯೆ ಮಾತ್ರ, ಮೂರನೆಯದಕ್ಕೆ ಅಂಚಿನಲ್ಲಿ ಒಂದು ಗುರುತು, ಹೀಗೆ ಮೊದಲ ದಿನವೇ ನಿರ್ಧರಿಸಿಕೊಂಡು ಎಂದಿಗೂ ಬದಲಿಸದಿರಿ. ಹತ್ತು ವರ್ಷಗಳ ನಂತರ ಹಳೆಯ ಟಿಪ್ಪಣಿಯಲ್ಲಿ ಸೊಗಸಾದ ವಾಕ್ಯವೊಂದು ಕಂಡಾಗ ಅದು ತನ್ನದೋ ಲೇಖಕರದೋ ಎಂದು ತಿಳಿಯದ ಸ್ಥಿತಿ ಬಂದರೆ, ಆ ವಾಕ್ಯವನ್ನು ಪ್ರಾಮಾಣಿಕವಾಗಿ ಬಳಸಲು ಸಾಧ್ಯವೇ ಇಲ್ಲ. ಈ ಇಡೀ ಕ್ರಮದಲ್ಲಿ ಒಂದೇ ಒಂದು ಶಿಸ್ತನ್ನು ಉಳಿಸಿಕೊಳ್ಳಲು ಸಾಧ್ಯವೆಂದಾದರೆ ಇದನ್ನು ಉಳಿಸಿಕೊಳ್ಳಿ ಎನ್ನುತ್ತೇನೆ.

ಟಿಪ್ಪಣಿಗಳು ಬೆಳೆದಂತೆ ಅವುಗಳಲ್ಲಿ ಬೇಕಾದದ್ದನ್ನು ಹುಡುಕುವುದು ಕಷ್ಟವಾಗುತ್ತದೆ. ಯುರೋಪಿನಲ್ಲಿ ಪುನರುಜ್ಜೀವನ (ರೆನೆಸಾನ್ಸ್) ಕಾಲದಿಂದಲೂ ಓದಿದ್ದರಲ್ಲಿ ಆಯ್ದುದನ್ನು ವಿಷಯವಾರು ಬರೆದಿಡುವ ನೋಟುಪುಸ್ತಕಗಳ ರೂಢಿಯಿತ್ತು, ಮತ್ತು ಈ ಕಷ್ಟ ಅವರನ್ನೂ ಕಾಡಿತ್ತು. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ತಾವು ಬಹಳ ವರ್ಷ ಬಳಸಿದ ಒಂದು ಉಪಾಯವನ್ನು 1686ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ಅವರು ತೀರಿಕೊಂಡ ಮೇಲೆ 1706ರಲ್ಲಿ ಅದು ಇಂಗ್ಲಿಷಿನಲ್ಲಿ ಬಂತು. ವಿಷಯಗಳಿಗೆ ಮೊದಲೇ ಪುಟಗಳನ್ನು ಹಂಚಿಡುವ ಬದಲು ಬಂದದ್ದನ್ನು ಬಂದಂತೆ ಬರೆಯುತ್ತ ಹೋಗುವುದು, ನೋಟುಪುಸ್ತಕದ ಆರಂಭದಲ್ಲಿ ಎದುರುಬದುರಾದ ಎರಡು ಪುಟಗಳನ್ನು ಸೂಚಿಗಾಗಿ ಬಿಟ್ಟು, ತಲೆಬರಹದ ಮೊದಲ ಅಕ್ಷರ ಮತ್ತು ಅದರ ನಂತರದ ಮೊದಲ ಸ್ವರ ಇವೆರಡರ ಆಧಾರದ ಮೇಲೆ ಪುಟಸಂಖ್ಯೆಯನ್ನು ಅಲ್ಲಿ ನಮೂದಿಸುವುದು ಅದರ ತಿರುಳು. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಸುಲಭ, ಏಕೆಂದರೆ ನಮ್ಮ ಕಾಗುಣಿತವೇ ವ್ಯಂಜನ ಮತ್ತು ಸ್ವರವನ್ನು ಜೋಡಿಸಿ ಕೊಟ್ಟಿದೆ. ‘ಮರಣ’ದ ಬಗ್ಗೆ ಬರೆದದ್ದರ ಪುಟಸಂಖ್ಯೆ ‘ಮ’ ಸಾಲಿಗೆ ಹೋಗುತ್ತದೆ, ‘ಮಾತು’ ಇದ್ದರೆ ‘ಮಾ’ ಸಾಲಿಗೆ, ‘ಮೌನ’ ಇದ್ದರೆ ‘ಮೌ’ ಸಾಲಿಗೆ. ಇದಕ್ಕಾಗಿ ಮೊದಲು ಮಾಡಬೇಕಾದ್ದು ನೋಟುಪುಸ್ತಕದ ಎಲ್ಲ ಪುಟಗಳಿಗೂ ಸಂಖ್ಯೆ ಹಾಕುವುದು.

ಸೂಚಿಯ ತಲೆಬರಹಗಳು ಪುಸ್ತಕದ ಹೆಸರುಗಳಾಗಿರದೆ ನಿಮ್ಮನ್ನು ಹಿಡಿದಿಟ್ಟ ಸಂಗತಿಗಳಾಗಿರಲಿ. ಒಂಟಿತನ, ಪ್ರಯಾಣ, ಅಪ್ಪ ಮತ್ತು ಮಗಳು, ಹಸಿವು, ಪಶ್ಚಾತ್ತಾಪ, ಮನೆ ಬಿಡುವುದು ಇಂಥವು. ವರ್ಷ ಕಳೆಯುವುದರೊಳಗೆ ಕೆಲವು ತಲೆಬರಹಗಳ ಮುಂದೆ ಪುಟಸಂಖ್ಯೆಗಳು ಸಾಲುಗಟ್ಟಿರುತ್ತವೆ. ನೀವು ಗಮನಿಸದೆಯೇ ಮತ್ತೆ ಮತ್ತೆ ಹುಡುಕಿಕೊಂಡು ಹೋಗುತ್ತಿದ್ದ ವಿಷಯ ಯಾವುದೆಂದು ಅಲ್ಲಿ ಕಾಣಿಸುತ್ತದೆ. ಮೊದಲ ಲೇಖನವನ್ನು ಆ ವಿಷಯದಿಂದಲೇ ಆರಂಭಿಸಬಹುದು.

ಟಿಪ್ಪಣಿಯಿಂದ ಲೇಖನಕ್ಕೆ ಬರುವಾಗ ಒಂದು ಬರಹಕ್ಕೆ ಒಂದೇ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಲೇಖಕರ ಜನ್ಮವೃತ್ತಾಂತ, ಪ್ರಶಸ್ತಿಗಳ ಪಟ್ಟಿ ಇವುಗಳಿಂದ ತೊಡಗುವ ಬದಲು ನಿಮ್ಮನ್ನು ತಡೆದು ನಿಲ್ಲಿಸಿದ ಪುಟದಿಂದ ತೊಡಗಿ, ಆ ಪುಟವನ್ನು ಅರ್ಥಮಾಡಿಕೊಳ್ಳಲು ಎಷ್ಟು ಕಥೆ ಬೇಕೋ ಅಷ್ಟನ್ನೇ ಹೇಳಿ. ಅದ್ಭುತ, ಮನಮುಟ್ಟುವ, ಓದಲೇಬೇಕಾದ ಎಂಬ ವಿಶೇಷಣಗಳು ಬಂದಲ್ಲೆಲ್ಲ ಅವನ್ನು ತೆಗೆದು, ಆ ಮಾತು ಹೇಳುವಂತೆ ಮಾಡಿದ ಸಾಲನ್ನೇ ಅಲ್ಲಿಡಿ. ಓದುಗರು ತಾವೇ ನಿರ್ಧರಿಸುತ್ತಾರೆ. ಗದ್ಯದ ಸೊಗಸಿನ ಬಗ್ಗೆ ಹೇಳುವ ಮೊದಲು ಆ ಭಾಗವನ್ನು ಗಟ್ಟಿಯಾಗಿ ಓದಿ, ವಾಕ್ಯದ ಉಸಿರು ಎಲ್ಲಿ ನಿಲ್ಲುತ್ತದೆ, ಯಾವ ಪದ ಮರುಕಳಿಸುತ್ತದೆ ಎಂದು ಕೇಳಿಸಿಕೊಳ್ಳಿ. ಇಷ್ಟವಾಗದ ಪುಸ್ತಕದ ಬಗ್ಗೆ ಬರೆಯಲು ಹಿಂಜರಿಯಬೇಕಾಗಿಲ್ಲ. ಆದರೆ ಆ ಪುಸ್ತಕ ಏನನ್ನು ಮಾಡಲು ಹೊರಟಿತ್ತು ಎಂಬುದನ್ನು ಅದರ ಲೇಖಕರೂ ಒಪ್ಪುವ ಹಾಗೆ ಮೊದಲು ಹೇಳಿ, ಆಮೇಲೆ ನಿಮ್ಮ ಆಕ್ಷೇಪಣೆಯನ್ನು ಬರೆಯಬೇಕು.

ಬರಹ ಬೇರೆಯವರ ಕೈ ಸೇರುವುದಾದರೆ ಇನ್ನು ಕೆಲವು ಹೊಣೆಗಳಿವೆ. ಸಾಹಿತ್ಯ ಕೃತಿಗಳ ಹಕ್ಕುಗಳಿಗೆ ಸಂಬಂಧಿಸಿದ, 1886ರಲ್ಲಿ ಆರಂಭವಾದ ಬರ್ನ್ ಒಪ್ಪಂದವು ಪ್ರಕಟಿತ ಕೃತಿಯಿಂದ ಉದ್ದೇಶಕ್ಕೆ ತಕ್ಕಷ್ಟು ಭಾಗವನ್ನು ನ್ಯಾಯವಾದ ರೀತಿಯಲ್ಲಿ ಉದ್ಧರಿಸಲು ಅವಕಾಶ ಕೊಡುತ್ತದೆ, ಜೊತೆಗೆ ಮೂಲವನ್ನೂ ಲೇಖಕರ ಹೆಸರನ್ನೂ ತಿಳಿಸಬೇಕೆನ್ನುತ್ತದೆ. ವಿವರವಾದ ನಿಯಮಗಳು ಆಯಾ ದೇಶದ ಕಾನೂನಿನಲ್ಲಿರುತ್ತವೆ. ಕವಿತೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಎಂಟು ಸಾಲಿನ ಕವಿತೆಯ ಆರು ಸಾಲುಗಳನ್ನು ಬಳಸಿಕೊಂಡರೆ ಅದು ಉದ್ಧರಣೆಯಾಗಿ ಉಳಿಯದಿರಬಹುದು. ಅನುವಾದಿತ ಪುಸ್ತಕದ ಮಾತುಗಳನ್ನು ಮೆಚ್ಚಿ ಬರೆಯುವಾಗ ಅನುವಾದಕರನ್ನು ಹೆಸರಿಸದಿರುವುದು ಅನ್ಯಾಯ. ನೀವು ಓದಿದ ಪ್ರತಿಯೊಂದು ಪದವೂ ಅವರು ಆರಿಸಿದ್ದು. ಕಥೆಯ ಅಂತ್ಯವನ್ನು ಚರ್ಚಿಸಲೇಬೇಕಾದರೆ ಅದಕ್ಕೆ ಮೊದಲೇ ಓದುಗರಿಗೆ ಸೂಚನೆ ಕೊಡಿ. ಪುಸ್ತಕ ಕೊಟ್ಟವರು, ಓದಿಸಿದವರು, ಓದಬೇಡವೆಂದು ಕಿತ್ತುಕೊಂಡವರು ನಿಮ್ಮ ಬರಹದಲ್ಲಿ ಬಂದೇ ಬರುತ್ತಾರೆ. ಅವರ ಖಾಸಗಿ ಬದುಕಿನಲ್ಲಿ ನಿಮ್ಮ ಓದಿಗೆ ಸಂಬಂಧಿಸಿದಷ್ಟನ್ನು ಮಾತ್ರ ಹೇಳಿ, ಬದುಕಿರುವವರನ್ನು ಒಂದು ಮಾತು ಕೇಳಿ.

ವರ್ಷಕ್ಕೆ ಇಷ್ಟು ಪುಸ್ತಕ ಎಂಬ ಗುರಿಯನ್ನು ಈ ಕೆಲಸದೊಂದಿಗೆ ಸೇರಿಸಬೇಡಿ. ಎಣಿಕೆ ಆರಂಭವಾದೊಡನೆ ಕೈ ತೆಳ್ಳಗಿನ ಪುಸ್ತಕಗಳ ಕಡೆಗೆ ಚಾಚುತ್ತದೆ, ಮರುಓದು ಲೆಕ್ಕಕ್ಕೆ ಬಾರದ ಕೆಲಸವಾಗುತ್ತದೆ. ಮರುಓದಿಗೆ ಹೊಸ ಪುಟ ತೆಗೆಯದೆ ಹಳೆಯ ಟಿಪ್ಪಣಿಯ ಕೆಳಗೇ ದಿನಾಂಕ ಹಾಕಿ ಮುಂದುವರಿಸಿ, ಅದಕ್ಕಾಗಿ ಜಾಗ ಸಾಲದಿದ್ದರೆ ಮುಂದಿನ ಪುಟದ ಸಂಖ್ಯೆಯನ್ನು ಅಲ್ಲಿ ಬರೆಯಿರಿ. ಅಭಿಪ್ರಾಯ ಬದಲಾದಾಗ ಹಳೆಯದನ್ನು ತಿದ್ದಬೇಡಿ.

ದಾಖಲೆ ಬಾಳುವಂತೆ ಮಾಡುವುದು ಕಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ ಬಳಕೆಗೆ ಬಂತು; ಅದರಲ್ಲಿರುವ ಆಮ್ಲದಿಂದಾಗಿ ಅದು ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಆದ್ದರಿಂದ ಆಮ್ಲರಹಿತ ಕಾಗದದ ನೋಟುಪುಸ್ತಕವನ್ನೇ ಆರಿಸಿ. ಐಎಸ್‌ಒ 9706 ಎಂಬ ಗುರುತಿದ್ದರೆ ಅದು ದೀರ್ಘಕಾಲ ಬಾಳುವ ಕಾಗದದ ಮಾನದಂಡ. ಪೆನ್ಸಿಲಿನ ಗ್ರಾಫೈಟ್ ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಹರಡುವುದಿಲ್ಲ. ಬಣ್ಣದ ಶಾಯಿಗಳಲ್ಲಿ ಹಲವು ಎರಡಕ್ಕೂ ಸೋಲುತ್ತವೆ, ಹಾಗಾಗಿ ಎರಡನೆಯ ಬಣ್ಣಕ್ಕೆ, ಬಣ್ಣವು ನೀರಿನಲ್ಲಿ ಕರಗದ ಕಣಗಳ ರೂಪದಲ್ಲಿರುವ ಪಿಗ್ಮೆಂಟ್ ಶಾಯಿಯನ್ನು ಹುಡುಕಿ ಕೊಳ್ಳಬೇಕು. ಗಣಕದಲ್ಲಿ ಬರೆಯುವವರು, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲೇ ಬರೆಯಬೇಕು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ ಮತ್ತು ಅದರಲ್ಲಿ ಪದಗಳನ್ನು ಹುಡುಕಲಾಗುವುದಿಲ್ಲ. ಅಂಥ ಕಡತಗಳಿದ್ದರೆ ಪರಿವರ್ತಕ ತಂತ್ರಾಂಶ ಬಳಸಿ ಈಗಲೇ ಬದಲಾಯಿಸಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾರೆ ಪರಿಶೀಲಿಸಿ. ಯಾವುದೇ ಒಂದು ತಂತ್ರಾಂಶವನ್ನು ಅವಲಂಬಿಸದ ಸರಳ ಪಠ್ಯ ಕಡತ ಎಲ್ಲಕ್ಕಿಂತ ಸುರಕ್ಷಿತ, ಅದರ ಪ್ರತಿಗಳು ಎರಡು ಬೇರೆ ಜಾಗಗಳಲ್ಲಿ ಇರಬೇಕು. ನೋಟುಪುಸ್ತಕದ ಮೊದಲ ಪುಟದಲ್ಲಿ, ನೀವು ಬಳಸಿದ ಗುರುತುಗಳಿಗೂ ಎರಡು ಬಣ್ಣಗಳಿಗೂ ಏನರ್ಥ, ಕಡತಗಳು ಎಲ್ಲಿವೆ, ಈ ಸರಣಿಯಲ್ಲಿ ಇದು ಎಷ್ಟನೆಯ ಪುಸ್ತಕ ಎಂಬುದನ್ನು ಬಿಡಿಸಿ ಬರೆದಿಟ್ಟರೆ, ಅದನ್ನು ಮುಂದೆ ತೆರೆಯುವವರು ಯಾರನ್ನೂ ಕೇಳದೆ ಓದಿಕೊಳ್ಳಬಹುದು.